ಮೂಗಿಗೆ ಅಡ್ಡಿಯಾಗದ ಕವಚ

ಕುಸಿದ ಕಟ್ಟಡದಡಿ, ಜಾರಿಬಿದ್ದ ಗುಡ್ಡದ ಮಣ್ಣಿನಡಿ ಅಥವಾ ಹಿಮರಾಶಿಯಡಿ ಸಿಲುಕಿದ ಮನುಷ್ಯರನ್ನು ವಾಸನೆಯ ಜಾಡಿನಿಂದ ಪತ್ತೆಹಚ್ಚಲು ತರಬೇತಿ ಪಡೆದ ನಾಯಿಗಳನ್ನು ಶೋಧ ಮತ್ತು ರಕ್ಷಣಾ ಶ್ವಾನಗಳೆಂದು ಕರೆಯುತ್ತಾರೆ. ಇಂಥ ನಾಯಿಗಳಿಗೆ ಬೂಟು, ಕನ್ನಡಕ, ಎದೆಪಟ್ಟಿಗಳನ್ನು ರೂಪಿಸುವ ಕೆಲಸವು ಪಶುವೈದ್ಯರು, ಹೊಲಿಗೆ ಬಲ್ಲ ಕುಶಲಕರ್ಮಿಗಳು ಮತ್ತು ಸದಾ ನಾಯಿಯ ಜೊತೆಗಿದ್ದು ಅದನ್ನು ಕೆಲಸಕ್ಕೆ ಹಚ್ಚುವ ಹ್ಯಾಂಡ್ಲರುಗಳು ಸೇರಿ ಬೆಳೆಸಿದ ವಿದ್ಯೆಯಾಗಿದೆ. 2017ರ ಸೆಪ್ಟೆಂಬರ್ 19ರ ಭೂಕಂಪದ ನಂತರ ಮೆಕ್ಸಿಕೋ ನೌಕಾಪಡೆಯ ಫ್ರೀಡಾ ಎಂಬ ಲ್ಯಾಬ್ರಡಾರ್ ನಾಯಿ ಕನ್ನಡಕ, ಬೂಟು, ಎದೆಪಟ್ಟಿ ತೊಟ್ಟ ಚಿತ್ರಗಳು ಜಗತ್ತಿನ ಮನಗೆದ್ದುದರಿಂದ, ರಕ್ಷಣಾ ಶ್ವಾನವೆಂದರೆ ಹೀಗೆ ಸರ್ವಸಜ್ಜಿತವಾಗಿಯೇ ಇರುತ್ತದೆಂಬ ಭಾವನೆ ಬೇರೂರಿದೆ. ಆದರೆ ಏನನ್ನು ತೊಡಿಸಬಾರದು, ತೊಡಿಸಿದ್ದನ್ನು ಯಾವಾಗ ಬಿಚ್ಚಬೇಕು ಎಂಬ ವಿವೇಚನೆಯೇ ಈ ವಿದ್ಯೆಯ ಜೀವಾಳ.

ಇದಕ್ಕೆ ಕಾರಣ ನಾಯಿಯ ದೇಹರಚನೆಯಲ್ಲಿದೆ. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಅಂಗಾಲಿನ ಮೆತ್ತೆಗಳಲ್ಲಿ ಅಲ್ಪಸ್ವಲ್ಪ ಬೆವರುವುದನ್ನು ಬಿಟ್ಟರೆ, ಬಾಯ್ದೆರೆದು ನಾಲಿಗೆ ಚಾಚಿ ಏದುಸಿರು ಬಿಡುವುದೇ ಮೈ ತಣಿಸಿಕೊಳ್ಳಲು ಅದಕ್ಕಿರುವ ಮುಖ್ಯ ದಾರಿ. ಏದುತ್ತಿರುವ ನಾಯಿ ಅದೇ ಹೊತ್ತಿನಲ್ಲಿ ಚೆನ್ನಾಗಿ ಮೂಸಲಾರದು. ಆದ್ದರಿಂದ ಗಾಜಿನ ಚೂರಿನಿಂದ ಮೈಯನ್ನು ಕಾಯಲೆಂದು ಹೊದಿಸಿದ ದಪ್ಪ ಕವಚ, ಮೈಯ ಕಾವು ಏರಿಸಿ, ಯಾವ ಮೂಗನ್ನು ನಂಬಿ ನಾಯಿಯನ್ನು ಅಲ್ಲಿಗೆ ಕರೆತಂದಿದ್ದಾರೋ ಆ ಮೂಗನ್ನೇ ಮಂಕಾಗಿಸುತ್ತದೆ. ಮೊದಲ ಮಹಾಯುದ್ಧದಲ್ಲಿ ಸೇನೆಯ ನಾಯಿಗಳಿಗೆ ವಿಷಾನಿಲ ತಡೆಯುವ ಮುಖವಾಡಗಳನ್ನು ತೊಡಿಸಿದ್ದುಂಟು. ಆದರೆ ವಾಸನೆಯೇ ಕಸುಬಾದ ನಾಯಿಗೆ ಗಾಳಿ ಸೋಸುವ ಮುಖವಾಡ ಹಾಕಿದರೆ ಅದರ ಕಸುಬನ್ನೇ ಕಸಿದುಕೊಂಡಂತೆ. ಹೀಗಾಗಿ ಶೋಧದ ನಾಯಿಯ ಶ್ವಾಸಕೋಶಕ್ಕೆ ಸರಿಯಾದ ಕವಚ ಇಂದಿಗೂ ಇಲ್ಲ. ಕೆಲಸದ ಅವಧಿಯನ್ನು ಮೊಟಕುಗೊಳಿಸುವುದು, ಮುಗಿದೊಡನೆ ಮೈ, ಕಣ್ಣು, ಬಾಯಿ ತೊಳೆಯುವುದು, ಇವೇ ಉಳಿದ ಉಪಾಯಗಳು.

2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದಲ್ಲಿ ಶೋಧಕ್ಕಿಳಿದ ನಾಯಿಗಳ ಆರೋಗ್ಯವನ್ನು ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಪಶುವೈದ್ಯೆ ಸಿಂಥಿಯಾ ಆಟೊ ಅವರ ತಂಡ ವರ್ಷಗಟ್ಟಲೆ ಗಮನಿಸಿತು. ಕುಸಿದ ಕಟ್ಟಡಗಳ ಉಕ್ಕಿನ ತೊಲೆಗಳ ಮೇಲೆ ಬಹುಪಾಲು ನಾಯಿಗಳು ಬರಿಗಾಲಲ್ಲೇ ನಡೆದಿದ್ದರೂ ಅವುಗಳಿಗಾದದ್ದು ಹೆಚ್ಚಾಗಿ ಸಣ್ಣಪುಟ್ಟ ತರಚುಗಾಯ, ಕೊಯ್ತಗಳು. ಅವಶೇಷದ ಮೇಲೆ ನಾಯಿ ಕಾಲ್ಬೆರಳುಗಳನ್ನು ಅಗಲಿಸಿ, ಉಗುರೂರಿ, ನೆಲದ ಅಲುಗಾಟವನ್ನು ಅಂಗಾಲಿನಿಂದಲೇ ಅರಿತು ಹೆಜ್ಜೆಯಿಡುತ್ತದೆ. ಬೂಟು ಈ ಅರಿವನ್ನೂ ಹಿಡಿತವನ್ನೂ ಕಸಿಯುವುದರಿಂದ, ಗಾಯಕ್ಕಿಂತ ಜಾರಿಬೀಳುವ ಅಪಾಯವೇ ದೊಡ್ಡದೆಂದು ಅನೇಕ ಹ್ಯಾಂಡ್ಲರುಗಳು ನಂಬುತ್ತಾರೆ. ಈ ನಂಬಿಕೆ ನಿರ್ಲಕ್ಷ್ಯವಲ್ಲ, ಅನುಭವದ ಫಲ. ಕಾದ ಲೋಹ, ರಾಸಾಯನಿಕ ಅಥವಾ ಒತ್ತಾಗಿ ಹರಡಿದ ಗಾಜು ಇರುವಲ್ಲಿ ಮಾತ್ರ ಬೂಟು ಅನಿವಾರ್ಯವಾಗುತ್ತದೆ. ನಾಯಿಯ ಮುಂಗಾಲಿನ ಪಾದ ಹಿಂಗಾಲಿನದಕ್ಕಿಂತ ಅಗಲವಾಗಿರುವುದರಿಂದ ನಾಲ್ಕನ್ನೂ ಒಂದೇ ಅಳತೆಯಲ್ಲಿ ಹೊಲಿದರೆ ಹಿಂದಿನ ಜೋಡಿ ಕಳಚಿಬೀಳುತ್ತದೆ. ಮೊದಲ ಸಲ ಬೂಟು ತೊಟ್ಟ ನಾಯಿ ಕಾಲನ್ನು ಎತ್ತೆತ್ತಿ ಇಡುತ್ತ ತಡವರಿಸುವುದರಿಂದ, ವಿಪತ್ತು ಬರುವ ಎಷ್ಟೋ ಮೊದಲೇ ರೂಢಿ ಮಾಡಿಸದ ಬೂಟು ಇದ್ದೂ ಇಲ್ಲದಂತೆ.

ಎದೆಪಟ್ಟಿ, ಅಂದರೆ ಹಾರ್ನೆಸ್, ಇನ್ನೂ ಸೂಕ್ಷ್ಮವಾದದ್ದು. ನಾಯಿಗೆ ಮನುಷ್ಯನಂತೆ ಗಟ್ಟಿಯಾದ ಕೊರಳೆಲುಬಿಲ್ಲ. ಅದರ ಮುಂಗಾಲುಗಳು ಮುಂಡಕ್ಕೆ ಅಂಟಿಕೊಂಡಿರುವುದು ಸ್ನಾಯುಗಳಿಂದಲೇ, ಮತ್ತು ನಿಂತಾಗ ಮೈಭಾರದ ಸುಮಾರು ಶೇಕಡ 60ರಷ್ಟನ್ನು ಅವೇ ಹೊರುತ್ತವೆ. ಎದೆಗೆ ಅಡ್ಡಲಾಗಿ ಬಿಗಿದ ಪಟ್ಟಿ ಭುಜದ ಬೀಸನ್ನು ತಡೆಯುವುದರಿಂದ, ಎದೆಯ ನಡುವೆ ಇಳಿದು ಕಾಲುಗಳ ನಡುವೆ ಹಾಯುವ ಕವಲುಪಟ್ಟಿಯೇ ಒಳ್ಳೆಯದೆಂದು ಹಲವು ವಿನ್ಯಾಸಕಾರರು ಭಾವಿಸುತ್ತಾರೆ. ಲ್ಯಾಬ್ರಡಾರ್‌ನ ಪೀಪಾಯಿಯಂಥ ಎದೆಗೆ ಒಪ್ಪುವ ಅಳತೆ, ಆಳವಾದ ಎದೆ ಮತ್ತು ಸಣ್ಣ ನಡುವಿನ ಮುಧೋಳ ನಾಯಿಗೆ ಒಗ್ಗದು.

ಇದಕ್ಕೂ ಮಿಗಿಲಾದ ಇಕ್ಕಟ್ಟು ಇನ್ನೊಂದಿದೆ. ಹೆಲಿಕಾಪ್ಟರಿನಿಂದ ಹಗ್ಗದಲ್ಲಿ ಇಳಿಸುವಾಗ, ನೆರೆನೀರಿನಿಂದ ಮೇಲೆತ್ತುವಾಗ ಎದೆಪಟ್ಟಿಯ ಬೆನ್ನ ಹಿಡಿಕೆ ನಾಯಿಯ ಇಡೀ ಭಾರವನ್ನು ತಾಳಬೇಕು. ಅದೇ ಪಟ್ಟಿ ಬಿರುಕಿನೊಳಗೆ ನುಸುಳುವಾಗ ಕಬ್ಬಿಣದ ಸರಳಿಗೆ ಸಿಕ್ಕಿಕೊಂಡರೆ ಹರಿದು ಬಿಡುಗಡೆ ಕೊಡಬೇಕು. ಗಟ್ಟಿಯಾಗಿಯೂ ಇರಬೇಕು, ಬೇಕಾದಾಗ ಹರಿಯಲೂ ಬೇಕು ಎಂಬ ಈ ಎರಡು ಬೇಡಿಕೆಗಳನ್ನು ಒಂದೇ ಹೊಲಿಗೆ ಪೂರೈಸದು. ಅಮೆರಿಕದ ವಿಪತ್ತು ಶ್ವಾನಗಳನ್ನು ಅವಶೇಷದ ಮೇಲೆ ಸಾಮಾನ್ಯವಾಗಿ ಕೊರಳಪಟ್ಟಿಯೂ ಇಲ್ಲದೆ ಬಿಡುವುದು ಇದಕ್ಕಾಗಿಯೇ. ಸೇಂಟ್ ಬರ್ನಾರ್ಡ್ ನಾಯಿಯ ಕೊರಳಲ್ಲಿ ನೇತಾಡುವ ಬ್ರಾಂದಿ ಪೀಪಾಯಿ ಕೂಡ ಎಡ್ವಿನ್ ಲ್ಯಾಂಡ್‌ಸಿಯರ್ 1820ರಲ್ಲಿ ಬರೆದ ಚಿತ್ರದಿಂದ ಜನಪ್ರಿಯವಾದ ಕಲ್ಪನೆಯೇ ಹೊರತು ಆಲ್ಪ್ಸ್ ಪರ್ವತದ ನಾಯಿಗಳ ನಿಜವಾದ ಸಲಕರಣೆಯಲ್ಲ.

ಕಣ್ಣು ಕಿವಿಗಳ ರಕ್ಷಣೆ ಮುಖ್ಯವಾಗಿ ಪಯಣದ ಹೊತ್ತಿನದು. ಹೆಲಿಕಾಪ್ಟರಿನ ರೆಕ್ಕೆಗಳು ಎಬ್ಬಿಸುವ ಧೂಳಿಗೆ ಕನ್ನಡಕ, ಅದರ ಸದ್ದಿಗೆ ತಲೆಗವುಸು ಬೇಕು. ಶೋಧ ಆರಂಭವಾದೊಡನೆ ಕಿವಿಯ ಹೊದಿಕೆಯನ್ನು ತೆಗೆಯಲೇಬೇಕು, ಏಕೆಂದರೆ ಹ್ಯಾಂಡ್ಲರಿನ ಕರೆ ನಾಯಿಗೆ ಕೇಳಬೇಕು.

ಈಚೆಗೆ ಕವಚಕ್ಕೆ ಹೊಸ ಹೊಣೆಯೂ ಸೇರಿದೆ. ಜಪಾನಿನ ತೊಹೊಕು ವಿಶ್ವವಿದ್ಯಾಲಯದಲ್ಲಿ ಸತೋಶಿ ತಾದೊಕೊರೊ ಮತ್ತು ಕಜುನೊರಿ ಓನೊ ಅವರ ಬಳಗ ರೂಪಿಸಿದ ಅಂಗಿಯಲ್ಲಿ ಕ್ಯಾಮೆರಾ, ಸ್ಥಾನ ಮತ್ತು ಚಲನೆಯನ್ನು ಅಳೆಯುವ ಸಂವೇದಕಗಳಿದ್ದು, ಕಣ್ಣಿಗೆ ಮರೆಯಾದ ನಾಯಿ ಎಲ್ಲಿದೆ, ಏನನ್ನು ನೋಡುತ್ತಿದೆ ಎಂಬುದನ್ನು ಹ್ಯಾಂಡ್ಲರ್ ಪರದೆಯ ಮೇಲೆ ಕಾಣಬಹುದು. ಆದರೆ ಇಲ್ಲೂ ತೂಕವೇ ತೀರ್ಪುಗಾರ: ಪ್ರತಿಯೊಂದು ಬ್ಯಾಟರಿಯೂ ನಾಯಿಯ ಬೆನ್ನ ಮೇಲೆ ಕೂರುವ ಹೊರೆ.

ನೆಲ, ಹವೆ ಬದಲಾದಂತೆ ಕವಚವೂ ಬದಲಾಗಬೇಕು. 2023ರ ಫೆಬ್ರುವರಿಯ ಭೂಕಂಪದ ನಂತರ ತುರ್ಕಿಯ ನುರ್ದಾಗಿಯಲ್ಲಿ ಅವಶೇಷದಡಿ ಸಿಲುಕಿದ್ದ ಆರು ವರ್ಷದ ಬಾಲಕಿಯ ಇರವನ್ನು ತೋರಿಸಿಕೊಟ್ಟ, ಭಾರತದ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ ಜೂಲಿ ಎಂಬ ನಾಯಿ ಕೆಲಸ ಮಾಡಿದ್ದು ಕೊರೆಯುವ ಚಳಿಯಲ್ಲಿ. 2024ರ ಜುಲೈ 30ರ ಭೂಕುಸಿತದ ನಂತರ ವಯನಾಡಿನಲ್ಲಿ ಸೇನೆಯ ಮತ್ತು ಕೇರಳ ಪೊಲೀಸರ ನಾಯಿಗಳು ಹುಡುಕಿದ್ದು ಮಳೆಗಾಲದ ಕೆಸರಿನಲ್ಲಿ. ಪಶ್ಚಿಮ ಘಟ್ಟದ ತೇವಗಾಳಿಯಲ್ಲಿ ನಾಯಿಯ ಏದುಸಿರಿನಿಂದ ತೇವ ಬೇಗ ಆರದೆ ಮೈ ತಣಿಯುವುದು ನಿಧಾನವಾಗುತ್ತದೆ. ಒದ್ದೆಯಾದ ಬಟ್ಟೆ ಭಾರವಾಗುತ್ತದೆ, ಅದರಡಿ ಸಿಕ್ಕ ಮಣ್ಣು ಕಂಕುಳಲ್ಲಿ ಉಜ್ಜಿ ಹುಣ್ಣು ಮಾಡುತ್ತದೆ. ಹಿಮಕ್ಕೋ ಒಣ ಕಾಂಕ್ರೀಟಿಗೋ ಹೊಲಿದ ಎದೆಪಟ್ಟಿ ಇಲ್ಲಿಗೆ ತಕ್ಕದ್ದಲ್ಲ. ಇಲ್ಲಿ ಬೇಕಾದದ್ದು ನೀರು ಹೀರದ ಪಟ್ಟಿ, ಬೆನ್ನ ಮೇಲೆ ಗಾಳಿಯಾಡುವ ಜಾಲರಿ ಬಟ್ಟೆ, ಮಳೆಯ ಮಬ್ಬಿನಲ್ಲಿ ಮನುಷ್ಯರ ಕಣ್ಣಿಗೆ ಬೀಳುವ ಬಣ್ಣ ಮತ್ತು ಕೆಸರು ಮೆತ್ತಿದ ಒಂದೇ ಕೈಯಿಂದ ಬಿಚ್ಚಬಹುದಾದ ಬಕಲ್.