ಕಚ್ಚಿಕೊಂಡ ಎಂಜಿನ್ನು

ಸಂಗೊಳ್ಳಿಯ ಹೆಸರನ್ನು ಕೇಳಿದೊಡನೆ ವಾಚಕರ ಮನಸ್ಸು ರಾಯಣ್ಣನ ಕಡೆಗೆ ಹರಿಯುವದು ಸಹಜವೇ ಆಗಿದೆ. ಆದರೆ ಆ ಊರಿನ ನೆಲವೂ ಸುಲಭವಾಗಿ ಮಣಿಯತಕ್ಕದ್ದಲ್ಲ. ಮಲಪ್ರಭೆಯ ದಂಡೆಗುಂಟ ಸವದತ್ತಿಯ ಕಡೆಗೆ ಹಬ್ಬಿದ ಎರೆಯ ಭೂಮಿಯು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುವದು. ಮಳೆ ಬಿದ್ದಿತೆಂದರೆ ಚಕ್ಕಡಿಯ ಗಾಲಿಯನ್ನು ಗುಂಬದ ತನಕ ನುಂಗುವದು. ಅದರಲ್ಲಿ ಕರಿಕೆಯು ಬೇರೂರಿದರೆ ಎತ್ತಿನ ರಂಟೆಯು ಸೋತಂತೆಯೇ ಸರಿ. ಇಂತಹ ನೆಲಕ್ಕೆಂದೇ ಹುಟ್ಟಿದ ಯಂತ್ರವು ಚೈನಿನ ಟ್ರ್ಯಾಕ್ಟರು. ಗಾಲಿಗಳ ಬದಲು ಉಕ್ಕಿನ ಪಟ್ಟಿಗಳ ಮೇಲೆ ಅದು ತೆವಳುವದರಿಂದ ಅದರ ಭಾರವೆಲ್ಲ ಅಗಲಕ್ಕೆ ಹಂಚಿಹೋಗಿ, ಹಸಿಯ ನೆಲದಲ್ಲಿಯೂ ಹೂತುಕೊಳ್ಳುವ ಭಯವು ಬಹು ಕಡಿಮೆ.

ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಟಾಕ್ಟನ್ ಊರಿನ ಸುತ್ತಲೂ ಇಂಥದೇ ಗಾಲಿ ನುಂಗುವ ಜೌಗು ನೆಲವಿದ್ದಿತು. ಅಲ್ಲಿಯ ಬೆಂಜಮಿನ್ ಹೋಲ್ಟ್ ಎಂಬವನು 1904ರಲ್ಲಿ ಈ ಬಗೆಯ ಯಂತ್ರವನ್ನು ನಡೆಸಿ ನೋಡಿದನು. 1925ರಲ್ಲಿ ಅವನ ಕಂಪನಿಯೂ ಬೆಸ್ಟ್ ಎಂಬವರ ಕಂಪನಿಯೂ ಕೂಡಿ ಕ್ಯಾಟರ್‌ಪಿಲ್ಲರ್ ಕಂಪನಿಯಾಯಿತು. ನಮ್ಮ ದೇಶದಲ್ಲಿ ಎರಡನೆಯ ಮಹಾಯುದ್ಧವು ಮುಗಿದ ಬಳಿಕ, ಅಮೇರಿಕದ ಸೈನ್ಯವು ಬಿಟ್ಟುಹೋದ ಯಂತ್ರಗಳಿಂದ ಸರಕಾರವು ಕಳೆ ತುಂಬಿದ ಭೂಮಿಯನ್ನು ಉಳಿಸಲು ಮೊದಲುಮಾಡಿತು. 1949ರಲ್ಲಿ ಇದೇ ಕೆಲಸದ ಯಂತ್ರಗಳಿಗಾಗಿ ವಿಶ್ವಬ್ಯಾಂಕಿನಿಂದ ಒಂದು ಕೋಟಿ ಡಾಲರುಗಳ ಸಾಲವನ್ನೂ ಪಡೆಯಲಾಯಿತು.

ಇಂತಹ ಹಳೆಯ ಯಂತ್ರವೊಂದು ಹಿತ್ತಲಿನ ಮೂಲೆಯಲ್ಲಿ ವರುಷಗಟ್ಟಲೆ ನಿಂತಿದ್ದು, ಒಂದು ದಿನ ತಿರುಗಿಸಲು ಹೋದಾಗ ಮಿಸುಕದಿದ್ದರೆ, ಎಂಜಿನ್ನು ಕಚ್ಚಿಕೊಂಡಿತೆಂದು ಮಿಸ್ತ್ರಿಗಳು ಹೇಳುವರು. ಗುಜರಿಯವನು ತೂಕದ ಲೆಕ್ಕದಲ್ಲಿ ದರವನ್ನು ಹೇಳಿ ಬಾಗಿಲಲ್ಲಿ ನಿಲ್ಲುವನು. ಹಿರಿಯರು ಬೆವರು ಸುರಿಸಿ ಕೊಂಡ ವಸ್ತುವನ್ನು ಕಬ್ಬಿಣದ ಬೆಲೆಗೆ ಕೊಟ್ಟುಬಿಡುವ ಮೊದಲು ಮನೆಯವರು ಒಂದು ಸಂಗತಿಯನ್ನು ತಿಳಿದಿರಬೇಕು: ಕಚ್ಚಿಕೊಂಡ ಎಂಜಿನ್ನೆಲ್ಲ ಸತ್ತ ಎಂಜಿನ್ನಲ್ಲ. ಎಷ್ಟೋ ಎಂಜಿನ್ನುಗಳು ಸಾಯುವದು ತುಕ್ಕಿನಿಂದಲ್ಲ, ಬಿಡಿಸಹೋದವರ ಅವಸರದಿಂದ.

ಕಚ್ಚುವದರಲ್ಲಿ ಎರಡು ಬಗೆ. ಎಣ್ಣೆಯೋ ನೀರೋ ತೀರಿದ ಎಂಜಿನ್ನನ್ನು ಹಾಗೆಯೇ ಓಡಿಸಿದರೆ ಪಿಸ್ಟನ್ನು ಕಾಯ್ದು ಉಬ್ಬಿ, ತನ್ನ ಲೋಹವನ್ನು ಸಿಲಿಂಡರಿನ ಗೋಡೆಗೆ ಮೆತ್ತಿ ನಿಲ್ಲುವದು. ಇದು ಕೆಟ್ಟ ಬಗೆ. ಇನ್ನೊಂದು, ಸುಮ್ಮನೆ ನಿಂತು ಕಚ್ಚುವದು. ಹೊಗೆಯ ಕೊಳವೆಯು ಆಕಾಶಕ್ಕೆ ಬಾಯಿ ತೆರೆದಿರಲು, ಮಳೆಯ ನೀರು ಅದರೊಳಗಿಂದ ಇಳಿದು, ಯಾವ ಸಿಲಿಂಡರಿನ ವಾಲ್ವು ತೆರೆದು ನಿಂತಿರುವದೋ ಅದರಲ್ಲಿ ಸೇರಿ ಪಿಸ್ಟನ್ನಿನ ಉಂಗುರಗಳನ್ನು ಗೋಡೆಗೆ ತುಕ್ಕಿನಿಂದ ಬೆಸೆಯುವದು. ನಾಲ್ಕರಲ್ಲಿ ಒಂದು ಸಿಲಿಂಡರು ಹೀಗೆ ಹಿಡಿದರೂ ಉಳಿದ ಮೂರೂ ನಿಲ್ಲಲೇಬೇಕು.

ಆಗ ನೆರೆಹೊರೆಯವರೆಲ್ಲ ಹೇಳುವ ಉಪಾಯವು ಒಂದೇ: ಗೇರಿಗೆ ಹಾಕಿ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಯಿರಿ! ಇದನ್ನು ಎಂದಿಗೂ ಮಾಡಬಾರದು. ಎಳೆದ ಬಲವೆಲ್ಲ ಆ ಒಂದು ಪಿಸ್ಟನ್ನಿನ ಮೇಲೆ ಬಿದ್ದು, ಅದರ ದಂಡವು ಬಾಗುವದು ಇಲ್ಲವೆ ಗೇರಿನ ಹಲ್ಲು ಮುರಿಯುವದು. ಮೊದಲು ಕ್ಲಚ್ಚನ್ನು ಬಿಡಿಸಿ, ಹಿಡಿದದ್ದು ಎಂಜಿನ್ನೋ ಗೇರಿನ ಪೆಟ್ಟಿಗೆಯೋ ಎಂಬದನ್ನು ನೋಡಬೇಕು. ಎಂಜಿನ್ನೇ ಎಂದು ನಿಶ್ಚಯವಾದರೆ ತಲೆಯ ಭಾಗವನ್ನು ಬಿಚ್ಚಿ, ಪಿಸ್ಟನ್ನುಗಳ ಮೇಲೆ ಡಿಸೇಲು ಮತ್ತು ತೆಳುವಾದ ಎಣ್ಣೆಯ ಮಿಶ್ರಣವನ್ನು ಸುರಿದು ಬಿಡಬೇಕು. ಎಷ್ಟು ದಿನ? ಎಣ್ಣೆಯು ತಾನಾಗಿ ಕೆಳಗಿಳಿಯುವ ತನಕ. ಒಂದು ವಾರವೂ ಆದೀತು, ಒಂದು ತಿಂಗಳೂ ಆದೀತು. ಈ ನಡುವೆ ಪಿಸ್ಟನ್ನಿನ ಮೇಲುಗಡೆಯ ಗೋಡೆಯ ತುಕ್ಕನ್ನು ಪಾಲೀಸು ಕಾಗದದಿಂದ ಉಜ್ಜಿ ತೆಗೆಯಬೇಕು. ಇಲ್ಲವಾದರೆ ಬಿಡಿಸಿಕೊಂಡ ಪಿಸ್ಟನ್ನು ಮೇಲೇರುವಾಗ ಅದೇ ತುಕ್ಕಿಗೆ ಮತ್ತೆ ಸಿಕ್ಕಿಬೀಳುವದು.

ಹೊಡೆಯುವದಕ್ಕೂ ಒಂದು ವಿವೇಕವುಂಟು. ಸಾಯಕಲ್ಲಿನ ಪೆಡಲು ನೆಟ್ಟಗೆ ಮೇಲೆ ನಿಂತಿರುವಾಗ ಅದರ ಮೇಲೆ ನಿಂತರೂ ಗಾಲಿಯು ತಿರುಗದು. ಸ್ವಲ್ಪ ಮುಂದಕ್ಕೆ ಸರಿದಿದ್ದರೆ ಬೆರಳಿನಿಂದ ಒತ್ತಿದರೂ ತಿರುಗೀತು. ಪಿಸ್ಟನ್ನಿನ ಮಾತೂ ಇದೇ. ತುತ್ತತುದಿಯಲ್ಲಿ ನಿಂತದ್ದನ್ನು ಬಡಿದರೆ ಪೆಟ್ಟು ನೇರವಾಗಿ ಬೇರಿಂಗಿಗೆ ತಗಲುವದು. ನಡುವಿನಲ್ಲಿ ನಿಂತದ್ದರ ಮೇಲೆ ಗಟ್ಟಿ ಕಟ್ಟಿಗೆಯ ತುಂಡನ್ನಿಟ್ಟು ಮೆಲ್ಲಮೆಲ್ಲನೆ ಬಡಿಯುತ್ತ, ಇನ್ನೊಬ್ಬರು ದೊಡ್ಡ ಚಕ್ರವನ್ನು ಹಾರೆಯಿಂದ ಹಿಂದಕ್ಕೂ ಮುಂದಕ್ಕೂ ಅಲುಗಿಸುತ್ತಿರಬೇಕು. ಮೊದಲು ಕೂದಲೆಳೆಯಷ್ಟು ಸರಿದೀತು. ಅಷ್ಟು ಸರಿದರೆ ಗೆದ್ದಂತೆಯೇ. ಮತ್ತೆ ಎಣ್ಣೆ, ಮತ್ತೆ ನಾಳೆ.

ಬಿಡಿಸಿದಲ್ಲಿಗೆ ಕೆಲಸವು ಮುಗಿಯದು. ಪಿಸ್ಟನ್ನುಗಳನ್ನೆಲ್ಲ ತೆಗೆದು, ಸಿಲಿಂಡರಿನ ಒಳಕೊಳವೆಗಳ ಸವೆತವನ್ನು ಅಳೆಯಬೇಕು. ತುಕ್ಕು ಕುಳಿಬಿದ್ದವುಗಳನ್ನು ಬದಲಿಸಬೇಕು. ಬೇರಿಂಗಿನ ಟೊಪ್ಪಿಗೆಗಳನ್ನು ಬಿಚ್ಚಿದ ಸ್ಥಾನದಲ್ಲಿಯೇ ಮರಳಿ ಕೂಡಿಸಬೇಕಾದುದರಿಂದ ಒಂದೊಂದಕ್ಕೂ ಗುರುತು ಹಾಕುವದು ಅವಶ್ಯ. ಸೀಳನ್ನು ಕಂಡುಹಿಡಿಯುವ ಹಳೆಯ ಉಪಾಯವೊಂದು ನಮಗೆ ಬಹಳ ಮೆಚ್ಚಿಗೆಯಾಗಿದೆ: ಕಬ್ಬಿಣಕ್ಕೆ ಸೀಮೆಎಣ್ಣೆಯನ್ನು ಸವರಿ, ಚೆನ್ನಾಗಿ ಒರೆಸಿ, ಮೇಲೆ ಸುಣ್ಣದ ಪುಡಿಯನ್ನು ಉದುರಿಸಿದರೆ, ಸೀಳಿದ್ದಲ್ಲಿ ಒಳಗಿನ ಎಣ್ಣೆಯು ಜಿನುಗಿ ಕಪ್ಪು ಗೆರೆಯು ಮೂಡುವದು. ಹೊಸ ಉಂಗುರದ ಬಾಯಿಯಲ್ಲಿ ತುಸು ಸಂದಿರಬೇಕು. ನಾಲ್ಕು ಇಂಚು ಅಗಲದ ಸಿಲಿಂಡರಿಗೆ ಒಂದು ಇಂಚಿನ ಸಾವಿರದಲ್ಲಿ ಹನ್ನೆರಡರಿಂದ ಹದಿನಾರು ಪಾಲು. ಸಂದಿಲ್ಲದಿದ್ದರೆ ಉಂಗುರವು ಕಾಯ್ದು ಬೆಳೆದಾಗ ಮತ್ತೆ ಕಚ್ಚುವದು. ಕ್ರ್ಯಾಂಕಿನ ಸವೆದ ಭಾಗವನ್ನು ತಿಕ್ಕಿಸುವದು ಮನೆಯ ಕೆಲಸವಲ್ಲ. ಅದಕ್ಕೆ ಬೆಳಗಾವಿ ಇಲ್ಲವೆ ಹುಬ್ಬಳ್ಳಿಯ ದಾರಿ ಹಿಡಿಯತಕ್ಕದ್ದು. ಡಿಸೇಲಿನ ಪಂಪನ್ನೂ ಬಲ್ಲವರಿಗೇ ಬಿಡಬೇಕು.

ಹಳೆಯ ಕ್ಯಾಟರ್‌ಪಿಲ್ಲರುಗಳಲ್ಲಿ ದೊಡ್ಡ ಎಂಜಿನ್ನನ್ನು ಎಬ್ಬಿಸಲಿಕ್ಕೆಂದೇ ಪಕ್ಕದಲ್ಲಿ ಒಂದು ಸಣ್ಣ ಪೆಟ್ರೋಲಿನ ಎಂಜಿನ್ನಿರುವದು. ಹೊಸದಾಗಿ ಜೋಡಿಸಿದವರಿಗೆ ಇದು ದೊಡ್ಡ ಉಪಕಾರ. ಉರಿ ಹತ್ತುವ ಮೊದಲೇ ಸಣ್ಣದರಿಂದ ದೊಡ್ಡದನ್ನು ತಿರುಗಿಸಿ, ಎಣ್ಣೆಯ ಒತ್ತಡದ ಮುಳ್ಳು ಏರುವದನ್ನು ಕಣ್ಣಾರೆ ಕಾಣಬಹುದು. ಆದರೆ ಆ ಹೊತ್ತಿಗೆ ಗಾಳಿ ಸೇದುವ ಬಾಯಿಯ ಹತ್ತಿರ ಒಬ್ಬರು ಹಲಗೆಯನ್ನು ಹಿಡಿದು ನಿಂತಿರಬೇಕು. ಪಂಪಿನ ದೋಷದಿಂದ ಎಂಜಿನ್ನು ಅಂಕೆ ತಪ್ಪಿ ಓಡತೊಡಗಿದರೆ ಆ ಬಾಯಿಯನ್ನು ಮುಚ್ಚುವದೊಂದೇ ಉಪಾಯ, ಬರಿಗೈಯನ್ನು ಒಡ್ಡಬಾರದು. ಮಕ್ಕಳನ್ನಂತೂ ಅಂದು ಹಿತ್ತಲಿನಿಂದ ದೂರವಿಡಬೇಕು, ಅವರು ಎಷ್ಟೇ ಹಟಮಾಡಲಿ.

ಮೊದಲು ದಟ್ಟವಾದ ಬಿಳಿಯ ಹೊಗೆಯು ಬರುವದು; ಎಂಜಿನ್ನು ಬಿಸಿಯಾದಂತೆ ತೆಳುವಾಗಿ ನಿಲ್ಲುವದು. ಕೆಲವು ತಾಸು ನಡೆದ ಬಳಿಕ ತಲೆಯ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಎಣ್ಣೆಯನ್ನು ಬದಲಿಸಬೇಕು. ಸಂಜೆ ಯಂತ್ರವನ್ನು ನಿಲ್ಲಿಸಿ ಕೊಳವೆಯು ಆರಿದ ಮೇಲೆ, ಅದರ ಬಾಯಿಗೆ ಹಳೆಯ ಹಾಲಿನ ಪುಡಿಯ ಡಬ್ಬಿಯೊಂದನ್ನು ಬೋರಲಾಗಿ ಹಾಕಿಡಬೇಕು.