ಕಚೇರಿ ಗಣಕಜಾಲದಲ್ಲಿ ಜೋಡಿ ಸಂಪರ್ಕ ವ್ಯವಸ್ಥೆ: ಅರ್ಜಿದಾರರಿಗೆ ಮಾಹಿತಿ

ಅರ್ಜಿ ಸಲ್ಲಿಸಲು ಬರುವ ಸಾರ್ವಜನಿಕರಿಗೆ ಕೆಲವೊಮ್ಮೆ ಕೌಂಟರಿನಲ್ಲಿ ‘ಸರ್ವರ್ ಇಲ್ಲ’ ಎಂಬ ಉತ್ತರ ದೊರೆಯುತ್ತದೆ. ಸರ್ವರ್ ಸುಸ್ಥಿತಿಯಲ್ಲಿದ್ದರೂ ಅದಕ್ಕೆ ಸಂಪರ್ಕ ಕಲ್ಪಿಸುವ ಒಂದು ಕೇಬಲ್ ಅಥವಾ ಸ್ವಿಚ್ ಕೆಟ್ಟರೆ ಇದೇ ಸ್ಥಿತಿ ಉಂಟಾಗುತ್ತದೆ. ಇದನ್ನು ತಡೆಯುವ ವ್ಯವಸ್ಥೆ, ಅದರ ಮಿತಿ ಹಾಗೂ ಅಡಚಣೆಯಾದಾಗ ಅರ್ಜಿದಾರರು ಅನುಸರಿಸಬೇಕಾದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಜೋಡಿ ಸಂಪರ್ಕ ಎಂದರೇನು?

ಸರ್ವರಿನ ಎರಡು ನೆಟ್‌ವರ್ಕ್ ಪೋರ್ಟುಗಳನ್ನು ಒಂದೇ ಸಂಪರ್ಕವೆಂಬಂತೆ ಬಳಸುವ ವಿಧಾನಕ್ಕೆ ‘ಬಾಂಡಿಂಗ್’ ಎನ್ನುತ್ತಾರೆ. ಇದರಲ್ಲಿ ಎರಡು ಬಗೆಗಳು ಹೆಚ್ಚು ಬಳಕೆಯಲ್ಲಿವೆ.

ಅ) ಒಂದು ಕೇಬಲ್ ಕಾರ್ಯನಿರ್ವಹಿಸುತ್ತಿದ್ದು, ಮತ್ತೊಂದು ಸಿದ್ಧವಾಗಿರುವುದು. ಲಿನಕ್ಸ್ ಸರ್ವರುಗಳಲ್ಲಿ ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೊಮ್ಮೆ ಸಂಪರ್ಕ ಪರಿಶೀಲಿಸುವಂತೆ ನಿಗದಿಪಡಿಸಲಾಗುತ್ತದೆ. ಮೊದಲನೆಯದು ಕಡಿತಗೊಂಡಲ್ಲಿ ಎರಡನೆಯದು ಕೂಡಲೇ ಕೆಲಸ ವಹಿಸಿಕೊಳ್ಳುತ್ತದೆ.

ಆ) ಎರಡೂ ಕೇಬಲುಗಳು ಏಕಕಾಲದಲ್ಲಿ ಕಾರ್ಯನಿರ್ವಹಿಸುವುದು. ಇದಕ್ಕೆ 2000ನೇ ಇಸವಿಯಲ್ಲಿ 802.3ಎಡಿ ಎಂಬ ಮಾನಕ ಹೊರಬಂದಿತು. ಸ್ವಿಚ್ಚಿನಲ್ಲಿಯೂ ಇದಕ್ಕೆ ಅನುಗುಣವಾದ ವ್ಯವಸ್ಥೆ ಇರಬೇಕು.

2. ವಿಲ್ಯಾನ್ ಗುರುತು

ಒಂದೇ ಟಪಾಲಿನಲ್ಲಿ ಬಂದ ಪತ್ರಗಳನ್ನು ಶಾಖೆಯ ಹೆಸರು ನೋಡಿ ವಿಂಗಡಿಸುವಂತೆ, ಒಂದೇ ಕೇಬಲಿನಲ್ಲಿ ಸಾಗುವ ಮಾಹಿತಿಗೆ ಶಾಖಾವಾರು ಸಂಖ್ಯೆ ನೀಡಲಾಗುತ್ತದೆ. 802.1ಕ್ಯೂ ಮಾನಕದಂತೆ ಈ ಗುರುತು 4 ಬೈಟುಗಳಷ್ಟಿದ್ದು, 1ರಿಂದ 4094ರವರೆಗಿನ ಸಂಖ್ಯೆಗಳನ್ನು ಬಳಸಬಹುದು. ಉದಾಹರಣೆಗೆ, ಕೌಂಟರುಗಳಿಗೆ 10, ಲೆಕ್ಕಪತ್ರ ಶಾಖೆಗೆ 20. ಇದರಿಂದ ಪ್ರತಿ ಶಾಖೆಗೆ ಬೇರೆ ಕೇಬಲ್ ಎಳೆಯದೆಯೇ ಜಾಲಗಳನ್ನು ಪ್ರತ್ಯೇಕವಾಗಿಡಬಹುದು. ಆದರೆ ಈ ಗುರುತು ಮಾಹಿತಿಯನ್ನು ಗೂಢಲಿಪಿಗೆ ಪರಿವರ್ತಿಸುವುದಿಲ್ಲ.

ಮೊದಲು ಜೋಡಿ ಸಂಪರ್ಕ ರಚಿಸಿ, ಅದರ ಮೇಲೆ ವಿಲ್ಯಾನ್‌ಗಳನ್ನು ರೂಪಿಸುವುದು ವಾಡಿಕೆ. ಆಗ ಒಂದು ಕೇಬಲ್ ಕೆಟ್ಟರೂ ಎಲ್ಲ ಶಾಖೆಗಳೂ ಒಟ್ಟಿಗೆ ಮತ್ತೊಂದಕ್ಕೆ ವರ್ಗವಾಗುತ್ತವೆ.

3. ವ್ಯವಸ್ಥೆ ವಿಫಲವಾಗುವ ಸಂದರ್ಭಗಳು

* ಎರಡೂ ಕೇಬಲುಗಳು ಒಂದೇ ಸ್ವಿಚ್ಚಿಗೆ ಸೇರಿದ್ದಲ್ಲಿ, ಆ ಸ್ವಿಚ್ ಕೆಟ್ಟಾಗ ಎರಡೂ ನಿಷ್ಪ್ರಯೋಜಕವಾಗುತ್ತವೆ.
* ಎರಡನೆಯ ಸ್ವಿಚ್ಚಿನ ಪೋರ್ಟಿನಲ್ಲಿ ಒಂದು ವಿಲ್ಯಾನ್ ಸಂಖ್ಯೆ ಬಿಟ್ಟುಹೋಗಿದ್ದರೆ, ಬದಲಾವಣೆಯ ಹೊತ್ತಿನಲ್ಲಿ ಆ ಶಾಖೆ ಮಾತ್ರ ಸ್ಥಗಿತಗೊಳ್ಳುತ್ತದೆ.
* ಒಂದು ಕೇಬಲ್ ಕೆಟ್ಟರೂ ಕೆಲಸ ನಡೆಯುವುದರಿಂದ ದೋಷ ಯಾರ ಗಮನಕ್ಕೂ ಬಾರದೆ ಉಳಿಯಬಹುದು.

ಆದ್ದರಿಂದ ಬಿಡುವಿನ ವೇಳೆಯಲ್ಲಿ ಒಂದೊಂದೇ ಕೇಬಲನ್ನು ಕಳಚಿ ಪರೀಕ್ಷಿಸುವುದು ಅತ್ಯಗತ್ಯ. ಪರೀಕ್ಷಿಸದ ಬದಲಿ ಸಂಪರ್ಕವನ್ನು ಇದೆಯೆಂದು ನಂಬುವಂತಿಲ್ಲ. ರಸ್ತೆ ಅಗೆತದಿಂದ ಹೊರಗಿನ ಕೇಬಲ್ ತುಂಡಾದಲ್ಲಿ, ವಿದ್ಯುತ್ ನಿಲುಗಡೆಯಾದಲ್ಲಿ ಅಥವಾ ತಂತ್ರಾಂಶದಲ್ಲಿ ದೋಷವಿದ್ದಲ್ಲಿ ಈ ವ್ಯವಸ್ಥೆಯಿಂದ ಪರಿಹಾರ ದೊರೆಯುವುದಿಲ್ಲ.

4. ಅರ್ಜಿದಾರರು ಗಮನಿಸಬೇಕಾದ ಅಂಶಗಳು

* ಸ್ವೀಕೃತಿ ಪತ್ರ ಪಡೆಯದೆ ಕೌಂಟರಿನಿಂದ ತೆರಳಬಾರದು. ಕರ್ನಾಟಕದಲ್ಲಿ ಸಕಾಲ ವ್ಯಾಪ್ತಿಯ ಸೇವೆಗಳ ಸ್ವೀಕೃತಿಯಲ್ಲಿ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ; ಅರ್ಜಿಯ ಸ್ಥಿತಿಯನ್ನು ಅದರಿಂದ ತಿಳಿಯಬಹುದು.
* ಶುಲ್ಕ ಪಾವತಿಯ ನಡುವೆ ಸಂಪರ್ಕ ಕಡಿತಗೊಂಡಲ್ಲಿ, ಮೊದಲ ಪಾವತಿಯ ಸ್ಥಿತಿ ಖಚಿತಪಡಿಸಿಕೊಂಡ ನಂತರವೇ ಮತ್ತೆ ಪಾವತಿಸತಕ್ಕದ್ದು.
* ಸಂಪರ್ಕ ಮರಳುವವರೆಗೆ ಮೂಲ ದಾಖಲೆಗಳನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದು ಸೂಕ್ತ.