ಸ್ಕ್ಯಾನ್ ನಾರ್ಮಲ್, ಆದರೂ ಬಿಡದ ಕಿಬ್ಬೊಟ್ಟೆ ನೋವು: ಸಂಶೋಧನೆಗಳು ಹೇಳುವುದೇನು?

ಮುಟ್ಟಿನ ದಿನಗಳಲ್ಲಿ ಶುರುವಾದ ನೋವು ಕ್ರಮೇಣ ತಿಂಗಳ ಉಳಿದ ದಿನಗಳಿಗೂ ಹಬ್ಬುತ್ತದೆ. ಹೆಚ್ಚು ಹೊತ್ತು ಕೂರಲಾಗದು, ಮೂತ್ರಕ್ಕೆ ಹೋದರೆ ಉರಿ. ಅಲ್ಟ್ರಾಸೌಂಡ್ ಮಾಡಿಸಿದರೆ ವರದಿಯಲ್ಲಿ 'ನಾರ್ಮಲ್' ಎಂದೇ ಇರುತ್ತದೆ. ಆಮೇಲೆ ಸಾಮಾನ್ಯವಾಗಿ ಕೇಳಿಬರುವ ಮಾತು ಎರಡು: 'ಟೆನ್ಷನ್ ಮಾಡ್ಕೋಬೇಡಿ' ಅಥವಾ 'ಮಕ್ಕಳಾಗಿವೆಯಲ್ಲ, ಗರ್ಭಕೋಶ ತೆಗೆಸಿಬಿಡಿ'. ಈಚಿನ ವರ್ಷಗಳ ಸಂಶೋಧನೆಗಳು ಈ ಎರಡೂ ಸಲಹೆಗಳನ್ನು ಪ್ರಶ್ನಿಸುವಂತೆ ಮಾಡಿವೆ.

ಹೊಕ್ಕುಳಿನ ಕೆಳಭಾಗದ ನೋವು ಆರು ತಿಂಗಳಿಗೂ ಹೆಚ್ಚು ಕಾಲ ಉಳಿದರೆ ವೈದ್ಯರು ಅದನ್ನು ದೀರ್ಘಕಾಲದ ಕಿಬ್ಬೊಟ್ಟೆ ನೋವು ಎಂದು ಗುರುತಿಸುತ್ತಾರೆ. ಇದು ಒಂದೇ ಕಾಯಿಲೆಯಲ್ಲ. ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಗೋಡೆ ದಪ್ಪಗಾಗುವ ಅಡಿನೊಮಯೋಸಿಸ್, ಹಳೆಯ ಸೋಂಕು, ಮೂತ್ರಕೋಶದ ತೊಂದರೆ, ಕರುಳಿನ ಐಬಿಎಸ್, ಸೊಂಟದ ಒಳಗಿನ ಸ್ನಾಯುಗಳ ಬಿಗಿತ ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಒಬ್ಬರಲ್ಲೇ ಎರಡು ಮೂರು ಸೇರಿರುವುದೂ ಉಂಟು. ಭಾರತದಲ್ಲಿ ಗರ್ಭನಾಳದ ಕ್ಷಯವನ್ನೂ ಮರೆಯುವಂತಿಲ್ಲ. ಗಂಡಸರಿಗೂ ಈ ನೋವು ಬರುತ್ತದೆ. ಪ್ರಾಸ್ಟೇಟ್ ಸೋಂಕು ಎಂದು ಆಂಟಿಬಯಾಟಿಕ್ ಕೊಡಲಾಗುತ್ತದಾದರೂ, ಇಂಥ ದೀರ್ಘಕಾಲದ ಪ್ರಕರಣಗಳಲ್ಲಿ ಹೆಚ್ಚಿನವುಗಳಲ್ಲಿ ಬ್ಯಾಕ್ಟೀರಿಯಾ ಸಿಗುವುದೇ ಇಲ್ಲ.

ಎಂಡೊಮೆಟ್ರಿಯೋಸಿಸ್ ಎಂಬ ಒಗಟು

ಕಾರಣಗಳ ಪೈಕಿ ಹೆಚ್ಚು ಸಂಶೋಧನೆ ನಡೆದಿರುವುದು ಎಂಡೊಮೆಟ್ರಿಯೋಸಿಸ್ ಮೇಲೆ. ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಅಂಡಾಶಯ, ಕರುಳು, ಹೊಟ್ಟೆಯ ಒಳಗೋಡೆಯ ಮೇಲೆ ಬೆಳೆಯುವ ಕಾಯಿಲೆ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಸಂತಾನೋತ್ಪತ್ತಿ ವಯಸ್ಸಿನ ಶೇ 10ರಷ್ಟು, ಅಂದರೆ ಸುಮಾರು 19 ಕೋಟಿ ಮಹಿಳೆಯರು ಮತ್ತು ಹುಡುಗಿಯರಿಗೆ ಇದು ಇದೆ.

ಮುಟ್ಟಿನ ರಕ್ತ ಗರ್ಭನಾಳದ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಹರಿಯುವುದೇ ಇದರ ಮೂಲ ಎಂದು ಅಮೆರಿಕದ ವೈದ್ಯ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲೇ ವಾದಿಸಿದ್ದರು. ಆದರೆ ಹೀಗೆ ಹಿಮ್ಮುಖ ಹರಿವು ಬಹುಪಾಲು ಮಹಿಳೆಯರಲ್ಲಿ ಆಗುತ್ತದೆ. ಕಾಯಿಲೆ ಬರುವುದು ಕೆಲವರಿಗೆ ಮಾತ್ರ. ಯಾಕೆ?

ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ನೇತೃತ್ವದಲ್ಲಿ 60 ಸಾವಿರಕ್ಕೂ ಹೆಚ್ಚು ರೋಗಿಗಳ ಡಿಎನ್‌ಎ ಪರಿಶೀಲಿಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಕಾಯಿಲೆಗೆ ನಂಟಿರುವ 42 ಜಾಗಗಳು ಅದರಲ್ಲಿ ಸಿಕ್ಕವು. ಇನ್ನೊಂದು ಗಮನಿಸಬೇಕಾದ ಅಂಶವೆಂದರೆ, ಮೈಗ್ರೇನ್ ಮತ್ತು ಬೆನ್ನುನೋವಿನ ಜೊತೆಗೂ ಇದು ಆನುವಂಶಿಕ ಬೇರುಗಳನ್ನು ಹಂಚಿಕೊಂಡಿದೆ. ಅದೇ ವರ್ಷ ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ, ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಶೇ 64ರಷ್ಟು ಮಂದಿಯ ಗರ್ಭಕೋಶದ ಒಳಪದರದಲ್ಲಿ ಫ್ಯೂಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕಂಡುಬಂದಿದೆ ಎಂದಿತು. ಕಾಯಿಲೆ ಇಲ್ಲದವರಲ್ಲಿ ಅದು ಶೇ 10ಕ್ಕಿಂತ ಕಡಿಮೆ. ಆಂಟಿಬಯಾಟಿಕ್ ಕೊಟ್ಟಾಗ ಗಡ್ಡೆಗಳು ತಗ್ಗಿದ್ದು ಇಲಿಗಳಲ್ಲಿ. ಆದ್ದರಿಂದ ಈಗಲೇ ಮೆಡಿಕಲ್ ಶಾಪ್‌ಗೆ ಓಡುವುದು ತಪ್ಪು.

ಮುಂಬೈನ ಪರೇಲ್‌ನಲ್ಲಿರುವ ಐಸಿಎಂಆರ್‌ನ ಸಂತಾನೋತ್ಪತ್ತಿ ಆರೋಗ್ಯ ಸಂಶೋಧನಾ ಸಂಸ್ಥೆಯೂ ಭಾರತೀಯ ಮಹಿಳೆಯರಲ್ಲಿ ಈ ಕಾಯಿಲೆಯ ಲಕ್ಷಣ ಮತ್ತು ಆನುವಂಶಿಕ ಕಾರಣಗಳ ಅಧ್ಯಯನದಲ್ಲಿ ತೊಡಗಿದೆ.

ವರದಿ ನಾರ್ಮಲ್ ಬರುವುದೇಕೆ?

ಹೊಟ್ಟೆಯ ಒಳಗೋಡೆಗೆ ಅಂಟಿಕೊಂಡ ಕೆಲವೇ ಮಿಲಿಮೀಟರ್ ಗಾತ್ರದ ಚುಕ್ಕೆಗಳು ಸಾಮಾನ್ಯ ಸ್ಕ್ಯಾನ್‌ಗೆ ಕಾಣುವುದಿಲ್ಲ. ಅಲ್ಲದೆ ಕಾಯಿಲೆ ಹೆಚ್ಚಿದ್ದಷ್ಟೂ ನೋವು ಹೆಚ್ಚು ಎಂಬ ಲೆಕ್ಕ ಇಲ್ಲಿ ನಡೆಯದು. ದೊಡ್ಡ ಗಡ್ಡೆ ಇದ್ದವರು ಆರಾಮಾಗಿರಬಹುದು, ಸಣ್ಣ ಚುಕ್ಕೆ ಇದ್ದವರು ಹಾಸಿಗೆ ಹಿಡಿಯಬಹುದು.

ಇದಕ್ಕೆ ಒಂದು ಕಾರಣ ನರಗಳು. ವರ್ಷಗಟ್ಟಲೆ ನೋವಿನ ಸಂದೇಶ ಹೋಗುತ್ತಲೇ ಇದ್ದರೆ ಬೆನ್ನುಹುರಿ ಮತ್ತು ಮೆದುಳು ಅತಿಸೂಕ್ಷ್ಮವಾಗುತ್ತವೆ. ಸಣ್ಣ ಒತ್ತಡವೂ ದೊಡ್ಡ ನೋವಾಗಿ ಕೇಳಿಸುತ್ತದೆ, ವಾಲ್ಯೂಮ್ ಏರಿಸಿದ ರೇಡಿಯೋದಂತೆ. ಗರ್ಭಕೋಶ, ಮೂತ್ರಕೋಶ, ಕರುಳಿನ ನರಗಳು ಬೆನ್ನುಹುರಿಯ ಹತ್ತಿರದ ಜಾಗಗಳಿಗೇ ಬಂದು ಸೇರುವುದರಿಂದ ಒಂದರ ನೋವು ಇನ್ನೊಂದಕ್ಕೂ ದಾಟುತ್ತದೆ. ಇದು 'ಮನಸ್ಸಿನ ಭ್ರಮೆ' ಅಲ್ಲ, ನರಮಂಡಲದಲ್ಲಿ ಆದ ಬದಲಾವಣೆ.

ಯಾವುದು ಕೆಲಸ ಮಾಡುತ್ತದೆ?

ಮೊದಲೆಲ್ಲ ಲ್ಯಾಪರೊಸ್ಕೋಪಿ ಮಾಡಿ ನೋಡಿದ ಮೇಲಷ್ಟೇ ಎಂಡೊಮೆಟ್ರಿಯೋಸಿಸ್ ಖಚಿತ ಎನ್ನಲಾಗುತ್ತಿತ್ತು. ಯುರೋಪಿನ ತಜ್ಞ ಸಂಸ್ಥೆ ಎಶ್ರೆ 2022ರ ಮಾರ್ಗಸೂಚಿಯಲ್ಲಿ ಈ ನಿಲುವು ಬದಲಿಸಿತು. ಈಗ ಲಕ್ಷಣ ಮತ್ತು ಸ್ಕ್ಯಾನ್ ಆಧರಿಸಿಯೇ ಹಾರ್ಮೋನ್ ಮಾತ್ರೆ ಆರಂಭಿಸಬಹುದು. ಭಾರತದಲ್ಲಿ ಡೈನೋಜೆಸ್ಟ್ ಸಾಕಷ್ಟು ಬಳಕೆಯಲ್ಲಿದೆ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 405 ಮಹಿಳೆಯರನ್ನು ಬ್ರಿಟನ್‌ನಲ್ಲಿ ಮೂರು ವರ್ಷ ಗಮನಿಸಿದಾಗ, ಗರ್ಭನಿರೋಧಕ ಮಾತ್ರೆ ಪಡೆದವರಲ್ಲೂ ದೀರ್ಘಾವಧಿ ಪ್ರೊಜೆಸ್ಟೋಜೆನ್ ಪಡೆದವರಲ್ಲೂ ನೋವು ಸುಮಾರು ಶೇ 40ರಷ್ಟು ತಗ್ಗಿತ್ತು.

ಇನ್ನೊಂದೆಡೆ, ಕಾರಣ ಸಿಗದ ನೋವಿಗೆ ಬಹುಕಾಲ ಬರೆದುಕೊಡುತ್ತಿದ್ದ ಗ್ಯಾಬಪೆಂಟಿನ್ ಸೋತಿದೆ. 306 ಮಹಿಳೆಯರ ಮೇಲಿನ ಬ್ರಿಟಿಷ್ ಪರೀಕ್ಷೆಯಲ್ಲಿ (2020) ಅದು ಹುಸಿ ಮಾತ್ರೆಗಿಂತ ಹೆಚ್ಚೇನೂ ಮಾಡಲಿಲ್ಲ. ತಲೆಸುತ್ತು, ಮಂಪರು ಮಾತ್ರ ಹೆಚ್ಚಾಯಿತು. ಫಿಸಿಯೋಥೆರಪಿಯ ಫಲಿತಾಂಶ ಉತ್ತಮವಾಗಿದೆ. ಮೂತ್ರಕೋಶದ ನೋವಿದ್ದ 81 ಮಹಿಳೆಯರ ಅಮೆರಿಕನ್ ಅಧ್ಯಯನದಲ್ಲಿ ಸೊಂಟದೊಳಗಿನ ಸ್ನಾಯುಗಳ ವಿಶೇಷ ಚಿಕಿತ್ಸೆಯಿಂದ ಶೇ 59ರಷ್ಟು ಮಂದಿಗೆ ಆರಾಮ ಸಿಕ್ಕಿತು. ಸಾಮಾನ್ಯ ಮಸಾಜ್‌ನಿಂದ ಶೇ 26ರಷ್ಟು ಮಂದಿಗಷ್ಟೇ. ಆದರೆ ಇದರಲ್ಲಿ ಪರಿಣತಿ ಇರುವ ಫಿಸಿಯೋಥೆರಪಿಸ್ಟ್‌ಗಳನ್ನು ಹುಡುಕಿಕೊಂಡೇ ಹೋಗಬೇಕು.

ಗರ್ಭಕೋಶ ತೆಗೆಸುವ ಮುನ್ನ

ಮಹಾರಾಷ್ಟ್ರದ ಬೀಡ್‌ನಲ್ಲಿ ಕಬ್ಬು ಕಡಿಯುವ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿ ಗರ್ಭಕೋಶ ಕಳೆದುಕೊಂಡಿದ್ದು 2019ರಲ್ಲಿ ದೇಶದ ಸುದ್ದಿಯಾಯಿತು. ಅದಕ್ಕೂ ಮೊದಲೇ ಕಲಬುರಗಿಯ ತಾಂಡಾಗಳಿಂದ ಇಂಥದೇ ದೂರು ಬಂದಿತ್ತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿ ಜಾರಿಗೆ ತರುವಂತೆ 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಸೂಚಿಸಿತು.

ಅಡಿನೊಮಯೋಸಿಸ್ ಇದ್ದವರಿಗೆ ಈ ಶಸ್ತ್ರಚಿಕಿತ್ಸೆ ನಿಜಕ್ಕೂ ಪರಿಹಾರ ಕೊಡಬಹುದು. ಆದರೆ ನೋವಿನ ಮೂಲ ಕರುಳಿನ ಮೇಲೋ, ಸ್ನಾಯುವಿನಲ್ಲೋ, ನರದಲ್ಲೋ ಇದ್ದರೆ ಗರ್ಭಕೋಶ ಹೋದರೂ ನೋವು ಉಳಿಯುತ್ತದೆ. ಅಂಡಾಶಯವನ್ನೂ ತೆಗೆದರೆ ಚಿಕ್ಕ ವಯಸ್ಸಿಗೇ ಮುಟ್ಟು ನಿಂತು ಮೂಳೆ ಸವೆತ, ಹೃದ್ರೋಗದ ಅಪಾಯ ಹೆಚ್ಚುತ್ತದೆ. ಹಾಗಾಗಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂರು ಪ್ರಶ್ನೆ ಕೇಳಬಹುದು: ನೋವು ಗರ್ಭಕೋಶದಿಂದಲೇ ಬರುತ್ತಿದೆ ಎನ್ನಲು ಆಧಾರವೇನು? ಹಾರ್ಮೋನ್ ಚಿಕಿತ್ಸೆ ನೋಡಿಯಾಯಿತೇ? ಅಂಡಾಶಯ ಉಳಿಯುತ್ತದೆಯೇ? ಎರಡು ಮೂರು ತಿಂಗಳು ನೋವು, ಮುಟ್ಟು, ಮಲಮೂತ್ರದ ತೊಂದರೆಗಳನ್ನು ದಿನಾಂಕ ಸಮೇತ ಬರೆದಿಟ್ಟರೆ ವೈದ್ಯರಿಗೆ ಕಾರಣ ಹುಡುಕಲು ನೆರವಾಗುತ್ತದೆ.

ಹಠಾತ್ ತೀವ್ರ ನೋವು, ಜ್ವರ, ತಲೆಸುತ್ತಿ ಬೀಳುವುದು, ಮುಟ್ಟು ತಪ್ಪಿದ ಮೇಲೆ ನೋವು ಕಾಣಿಸಿಕೊಳ್ಳುವುದು ಇವುಗಳಲ್ಲಿ ಯಾವುದಾದರೂ ಇದ್ದರೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.